ಮಕ್ಕಳ ಪುಸ್ತಕದ ಕಮ್ಮಟ: ಭಾಷಣ ಬಿಟ್ಟು ಏನು ಮಾಡಲಿ?

ಪ್ರಶ್ನೆ:
ಮಕ್ಕಳಿಗೆ ಪುಸ್ತಕದ ರುಚಿ ಹತ್ತಿಸುವವರಿಗಾಗಿ ಒಂದು ದಿನದ ಕಮ್ಮಟ ನಡೆಸುವ ಕೆಲಸ ನನ್ನ ತಲೆಗೆ ಬಂದಿದೆ. 30 ಜನ. ಮೇಷ್ಟ್ರು, ಲೈಬ್ರರಿಯವರು, ಇಬ್ಬರು ಚಿತ್ರಕಾರರು. ಹೋದ ಸಲ ಬರೀ ಭಾಷಣ. ಮಧ್ಯಾಹ್ನ ನಾನೇ ತೂಕಡಿಸಿದೆ!

ಉತ್ತರ:
ಒಂದೇ ಭಾಷಣ ಸಾಕು, ಅದೂ 20 ನಿಮಿಷ. ಉಳಿದ ಹೊತ್ತು ಕೈಗೆ ಪುಸ್ತಕ ಕೊಡಿ. ನಾವು ನಾಲ್ಕು ನಾಲ್ಕು ಜನರ ಗುಂಪಿಗೆ ಚಿತ್ರಪುಸ್ತಕ ಹಂಚಿದ್ದೆವು. ಅಕ್ಷರ ಮುಚ್ಚಿ, ಚಿತ್ರ ನೋಡಿಯೇ ಕಥೆ ಹೇಳಬೇಕು. ಆಮೇಲೆ ಗಟ್ಟಿಯಾಗಿ ಓದಬೇಕು. ಪುಟ ತಿರುಗಿಸುವ ಮುಂಚೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಒಂದು ಗಂಟೆ ಜಗಳವೇ ಆಯಿತು. ಆ ದಿನದ್ದು ನನಗೆ ನೆನಪಿರುವುದು ಅದೊಂದೇ.

ಮತ್ತೊಂದು ಉತ್ತರ:
ಏಪ್ರಿಲ್ 2ಕ್ಕೆ ಇಟ್ಟುಕೊಳ್ಳಬಹುದು ಅಲ್ವಾ? 1967ರಿಂದ ಅದು ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ. ಮಕ್ಕಳ ಪುಸ್ತಕಗಳಿಗಾಗಿ ಕೆಲಸ ಮಾಡುವ ಐಬಿಬಿವೈ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಒಂದೊಂದು ದೇಶದ ವಿಭಾಗ ಒಂದೊಂದು ವರ್ಷ ಅದಕ್ಕೆ ಪೋಸ್ಟರ್ ಮಾಡುತ್ತದೆ. ಗೋಡೆಗೆ ಹಚ್ಚಿ, ಮಾತು ತಾನೇ ಶುರುವಾಗುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಷರ ಮುಚ್ಚುವ ಆಟ ಖಂಡಿತ ಮಾಡುತ್ತೇನೆ. ಮಕ್ಕಳನ್ನೂ ಕರೆಯಲಾ?

ಮೊದಲು ಉತ್ತರಿಸಿದವರು:
ಕರೆಯಿರಿ. ಆದರೆ ವೇದಿಕೆ ಹತ್ತಿಸಿ ಪದ್ಯ ಹೇಳಿಸಬೇಡಿ, ಪಾಪ. ಸುಮ್ನೆ ಪುಸ್ತಕದ ರಾಶಿ ಹತ್ತಿರ ಬಿಡಿ. ಯಾವುದನ್ನು ಎರಡೇ ಪುಟಕ್ಕೆ ಕೆಳಗಿಡುತ್ತಾರೆ, ಅದನ್ನು ಬರೆದುಕೊಳ್ಳಿ.