ಆರಿದ್ರಾ ಮಬ್ಬಾಯಿತೋ, ಮಂಕಾಯಿತೋ, ಕಳೆಗುಂದಿತೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳುವುದಿದೆ. ನಾನು ಖಭೌತವಿಜ್ಞಾನದ, ಅಂದರೆ ಆಕಾಶಕಾಯಗಳ ಭೌತವಿಜ್ಞಾನದ, ವಿದ್ಯಾರ್ಥಿ. ಬೆಳಕು ಏರಿಳಿಯುವ ಕೆಂಪು ಮಹಾದೈತ್ಯ ನಕ್ಷತ್ರಗಳು ನನ್ನ ಅಧ್ಯಯನದ ವಿಷಯ. ಅದನ್ನೇ ಕನ್ನಡದಲ್ಲಿ ಬರೆಯಲು ಕೂತಾಗ ಒಂದು ಕ್ರಿಯಾಪದದ ಹತ್ತಿರ ಕೈ ನಿಂತುಬಿಟ್ಟಿತು.

ನಮ್ಮ ಆರಿದ್ರಾ ನಕ್ಷತ್ರವೆಂದು ಸಾಮಾನ್ಯವಾಗಿ ಗುರುತಿಸುವ ಬೀಟಲ್‌ಜ್ಯೂಸ್ 2019ರ ಕೊನೆಯಲ್ಲಿ ಬೆಳಕು ಕಳೆದುಕೊಳ್ಳತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಎಂದಿನ ಬೆಳಕಿನ ಸುಮಾರು ಮೂರನೇ ಒಂದು ಪಾಲು ಉಳಿದಿತ್ತು. ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನಂತಾಯಿತು. (‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುವಾಗಿನ ಆರಿದ್ರಾ ಇದೇ. ಆ ಮಳೆಯ ದಿನಗಳಲ್ಲಿ ಸೂರ್ಯ ಅದರ ಬಳಿಯೇ ಇರುವುದರಿಂದ ನಕ್ಷತ್ರ ಮಾತ್ರ ಕಾಣಿಸದು.)

‘ಆರಿದ್ರಾ ಮಬ್ಬಾಯಿತು’ ಎಂದು ಮೊದಲು ಬರೆದೆ. ಮರುದಿನ ಓದಿದಾಗ ಒಪ್ಪಲಿಲ್ಲ. ಮಬ್ಬು ಅಂದರೆ ನಡುವೆ ಏನೋ ಕವಿದ ಹಾಗೆ: ಮೋಡದ ಮಬ್ಬು, ಕಣ್ಣಿಗೆ ಮಬ್ಬು. ಮಂಕು ಹಾಗಲ್ಲ. ಎಣ್ಣೆ ತೀರುತ್ತ ಬಂದ ದೀಪ ಮಂಕಾಗುತ್ತದೆ. ಅಲ್ಲಿ ಕೊರತೆ ದೀಪದ್ದೇ. ಖಗೋಳಜ್ಞರ ನಡುವೆ ನಡೆದ ವಾದವೂ ಸರಿಯಾಗಿ ಇದೇ! ನಕ್ಷತ್ರವೇ ತಣಿಯಿತೋ, ದೂಳು ಅಡ್ಡ ಬಂತೋ ಎಂದು. ಯಾವ ಪದ ಬಳಸಿದರೂ ಒಂದು ಪಕ್ಷ ವಹಿಸಿದಂತೆ. ಕೊನೆಗೆ ಎರಡೂ ನಡೆದಿದೆಯೆಂದು ಕಂಡಿತು: ಮೇಲ್ಮೈಯ ಒಂದು ಭಾಗ ತಣಿದಿತ್ತು, ನಕ್ಷತ್ರವೇ ಉಗುಳಿದ ಅನಿಲ ದೂಳಾಗಿ ನಮ್ಮ ಕಡೆಗೆ ಬರುವ ಬೆಳಕನ್ನು ತಡೆದಿತ್ತು.

ಹಾಗಾಗಿ ಕಾರಣ ಹೇಳದೆ ಬೆಳಕು ಇಳಿದದ್ದನ್ನಷ್ಟೇ ಹೇಳುವ ಪದ ಬೇಕು. ‘ಕುಂದು’ ಆಗಬಹುದು, ಆದರೆ ಬೋಳೆನಿಸುತ್ತದೆ. ‘ಕಳೆಗುಂದು’ ನನಗೆ ಬಹಳ ಹಿಡಿಸಿದೆ. ಇದರಲ್ಲಿನ ಕಳೆ ಚಂದ್ರನ ಹದಿನಾರು ಕಳೆಗಳದ್ದೇ ತಾನೆ? ಚಂದ್ರ ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಳ್ಳುತ್ತಾನೆ, ಆರಿದ್ರಾ ಕೂಡ ತುಂಬಿಕೊಂಡಿತು. ಆದರೆ ಇವತ್ತು ನಾವು ಮುಖ ಕಳೆಗುಂದಿತು, ಮನೆ ಕಳೆಗುಂದಿತು ಅನ್ನುವಾಗ ಮರಳಿ ಬರುವ ಸೂಚನೆ ಇರುವುದಿಲ್ಲ, ದುಃಖದ ಛಾಯೆ ಬೇರೆ ಸೇರುತ್ತದೆ.

ಆಕಾಶಕಾಯಕ್ಕೆ ‘ಕಳೆಗುಂದು’ ಬಳಸಿದ ಹಳೆಯ ಪ್ರಯೋಗ ಯಾರಿಗಾದರೂ ನೆನಪಿದೆಯೇ? ನಾಮಪದವಾಗಿ ‘ಕಳೆಗುಂದಿಕೆ’ ಎಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ನಿಮ್ಮ ಕಡೆಯ ಆಡುಮಾತಿನಲ್ಲಿ ಚುಕ್ಕಿಯ ಬೆಳಕು ಇಳಿದರೆ ಏನನ್ನುತ್ತಾರೆ, ದಯವಿಟ್ಟು ಅದನ್ನೂ ತಿಳಿಸಿ.