ಭಾವ ಕಳಿಸಿದ ಕೋಟೇಶನ್

ಗುಂಪು: ಸೋಮವಾರಪೇಟೆ ಮನೆಯವರು

ಭಾವ: (ಫೋಟೋ) ಎಲ್ಲರೂ ಇದನ್ನು ನೋಡಿ. ಬೆಂಗಳೂರಿನ ಪಾರ್ಟಿ ಕಳಿಸಿದ ಕೋಟೇಶನ್. ಎಂಟು ಇನ್ ಒಂದು ಕಾಂಬೋ ಮಷೀನ್, ಒಂದು ಎಪ್ಸನ್ ಪ್ರಿಂಟರ್, ಒಂದು ಪೆಟ್ಟಿಗೆ ಬಿಳಿ ಮಗ್. ಇಂಕ್ ಫ್ರೀ. ಮಗ್, ಪ್ಲೇಟ್, ಟೋಪಿ, ಟೀ ಶರ್ಟ್ ಎಲ್ಲಾ ಒಂದರಲ್ಲೇ ಆಗುತ್ತದೆ. ಮಗ್ ಮೇಲೆ ಫೋಟೋ, ಹೆಸರು ಪ್ರಿಂಟ್ ಮಾಡುವ ಕೆಲಸ ಇವಳು ಮನೆಯಲ್ಲೇ ಶುರು ಮಾಡ್ತೀನಿ ಅಂತಿದ್ದಾಳೆ. ಶನಿವಾರದೊಳಗೆ ಹಣ ಹಾಕಿದರೆ ಸಾಗಾಟದ ಖರ್ಚು ಅವರದೇ.

ಚಿಕ್ಕಮ್ಮ: ಒಳ್ಳೇದಾಗಲಿ. ಮೊದಲ ಆರ್ಡರ್ ನನ್ನದೇ. ಹೋಮ್‌ಸ್ಟೇ ರೂಮಿಗೆ ಎರಡೆರಡು ಮಗ್, ತೋಟದ ಹೆಸರು ಹಾಕಿ ಕೊಡಿ.

ದೊಡ್ಡಪ್ಪ: ಕಾಫಿ ಬೆಳೆಯುವ ನಾವೇ ಸ್ಟೀಲ್ ಲೋಟದಲ್ಲಿ ಕುಡಿಯುತ್ತೇವೆ. ಮಗ್ ಮೇಲೆ ಮುಖ ಹಾಕಿಸಿಕೊಳ್ಳುವವರು ಯಾರಪ್ಪಾ?

ನಾನು: ಭಾವ, ಈಗಲೇ ಹಣ ಹಾಕಬೇಡಿ. ಇಂಕ್ ಯಾವ ಕಂಪನಿದು ಅಂತ ಬರೆದಿದ್ದಾರಾ?

ಭಾವ: ಸಬ್ಲಿಮೇಶನ್ ಇಂಕ್, 100 ಮಿಲಿ, ನಾಲ್ಕು ಬಾಟಲಿ ಅಂತಿದೆ. ಇಂಕ್‌ನಲ್ಲಿ ಎಂಥ ಕಂಪನಿ? ಮಷೀನ್ ಮುಖ್ಯ.

ನಾನು: ನನಗೆ ತಕರಾರು ಇರುವುದೇ ಅಲ್ಲಿ. ಮಷೀನ್ ಮಾಡುವುದು ಬಿಸಿ ಮತ್ತು ಒತ್ತಡ, ಅಷ್ಟೇ. 180–190 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಮಗ್ಗನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದರ ಕೆಲಸ ಮುಗಿಯಿತು. ಮೊದಲು ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಮಗ್ಗಿಗೆ ಸುತ್ತಿರುತ್ತೇವೆ. ಆ ಬಿಸಿಗೆ ಕಾಗದದ ಮೇಲಿನ ಬಣ್ಣ ಕರಗಿ ಹರಿಯದೆ ನೇರ ಆವಿಯಾಗುತ್ತದೆ (ಸಬ್ಲಿಮೇಶನ್ ಅಂದರೆ ಅದೇ), ಮಗ್ ಮೇಲಿನ ಪಾಲಿಯೆಸ್ಟರ್ ಕೋಟಿಂಗ್ ಒಳಗೆ ಇಳಿಯುತ್ತದೆ. ಗಿರಾಕಿ ಕಣ್ಣಿಗೆ ಕಾಣುವುದು ಇಂಕ್ ಮತ್ತು ಕೋಟಿಂಗ್. ಈ ಕೋಟೇಶನ್‌ನಲ್ಲಿ ಆ ಎರಡಕ್ಕೂ ಹೆಸರಿಲ್ಲ.

ಅಕ್ಕ: ಹಾಗಾದರೆ ಪ್ರಿಂಟರ್ ಯಾಕೆ ಹೊಸದು? ಮಕ್ಕಳ ಪ್ರಾಜೆಕ್ಟ್‌ಗೆ ಅಂತ ತಂದ ಎಚ್‌ಪಿ ಸುಮ್ನೆ ಕೂತಿದೆ. ಅದಕ್ಕೇ ಈ ಇಂಕ್ ತುಂಬಿದರೆ ಆಯಿತಲ್ಲ.

ಪುಟ್ಟ: ಅಕ್ಕಾ ಬೇಡ! ನಿಮ್ಮ ಮನೆಯ ಎಚ್‌ಪಿ ಹೆಡ್‌ನಲ್ಲೇ ಇಂಕನ್ನು ಬಿಸಿ ಮಾಡಿ ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತದೆ. ಬಿಸಿಗೆ ಆವಿಯಾಗಲಿ ಅಂತಲೇ ಮಾಡಿದ ಇಂಕನ್ನು ಅದರೊಳಗೆ ಹಾಕಿದರೆ ಹೆಡ್ ಗೋವಿಂದ. ಎಪ್ಸನ್ ಪೀಜೋ ಹೆಡ್. ಕರೆಂಟ್ ಕೊಟ್ಟಾಗ ಒಳಗಿನ ಹರಳು ಬಾಗಿ ಇಂಕನ್ನು ತಳ್ಳುತ್ತದೆ, ಬಿಸಿಯೇ ಇಲ್ಲ. ಅದಕ್ಕೇ ಎಲ್ಲರೂ ಎಪ್ಸನ್ ಅನ್ನುವುದು.

ಭಾವ: ನೋಡಿ, ಕೋಟೇಶನ್‌ನಲ್ಲೂ ಎಪ್ಸನ್ನೇ. ಅವರೇ ಇಂಕ್ ತುಂಬಿ, ಟೆಸ್ಟ್ ಮಾಡಿ ಕಳಿಸುತ್ತಾರಂತೆ.

ನಾನು: ತುಂಬಿ ಕಳಿಸುವುದು ಬೇಡ ಭಾವ. ಪೆಟ್ಟಿಗೆ ಒಡೆಯದ ಪ್ರಿಂಟರ್ ಬೇಕು ಅನ್ನಿ. ಅದರ ಜೊತೆ ಬರುವ ಮಾಮೂಲಿ ಇಂಕನ್ನು ಒಮ್ಮೆಯೂ ಹಾಕದೆ, ಮೊದಲ ಸಲವೇ ಸಬ್ಲಿಮೇಶನ್ ಇಂಕ್ ತುಂಬಬೇಕು. ಎರಡೂ ಬೆರೆಯಬಾರದು. ಒಮ್ಮೆ ಹಾಕಿದ ಮೇಲೆ ಆ ಪ್ರಿಂಟರ್ ಇದಕ್ಕೇ ಮೀಸಲು, ಮಕ್ಕಳ ಪ್ರಾಜೆಕ್ಟ್ ಅದರಲ್ಲಿ ಬೇಡ. ಇನ್ನೊಂದು ಮಾತು. ಹೊರಗಿನ ಇಂಕ್‌ನಿಂದ ಕೆಟ್ಟರೆ ಕಂಪನಿ ವಾರಂಟಿ ಕೇಳುವ ಹಾಗಿಲ್ಲ. ಆ ರಿಸ್ಕ್ ಗೊತ್ತಿದ್ದೇ ತೆಗೆದುಕೊಳ್ಳಬೇಕು.

ಚಿಕ್ಕಪ್ಪ: ಯಾಕೆ ರಿಸ್ಕ್? ಎಪ್ಸನ್‌ನವರೇ ಸಬ್ಲಿಮೇಶನ್‌ಗೆ ಅಂತ ಎಸ್‌ಸಿ-ಎಫ್130 ಮಾಡಿದ್ದಾರೆ. ಎ4 ಸೈಜು. ಇಂಕ್ ಅವರದೇ, ವಾರಂಟಿಯೂ ಇದೆ. ದುಡ್ಡು ಸ್ವಲ್ಪ ಜಾಸ್ತಿ ಅಷ್ಟೇ.

ಭಾವ: ಸ್ವಲ್ಪ ಅಲ್ಲ, ಬಹಳ ಜಾಸ್ತಿ. ಆ ದುಡ್ಡಿಗೆ ಇಲ್ಲಿ ಇಡೀ ಸೆಟ್ಟೇ ಬರುತ್ತದೆ!

ಪುಟ್ಟ: ನನ್ನ ಓಟು ಎಪ್ಸನ್ ಎಲ್8050ಗೆ. ಆರು ಬಣ್ಣ. ತಿಳಿ ನೀಲಿ, ತಿಳಿ ಗುಲಾಬಿ ಬೇರೆ ಇರುವುದರಿಂದ ಮುಖದ ಬಣ್ಣ ನುಣ್ಣಗೆ ಬರುತ್ತದೆ.

ನಾನು: ಮುಖ ಚೆಂದ ಬರುತ್ತದೆ, ನಿಜ. ಆದರೆ ಇನ್ನೂ ಎರಡು ಬಣ್ಣ ಅಂದರೆ ಕಟ್ಟಿಕೊಳ್ಳುವ ನಾಜಲ್‌ಗಳೂ (ಇಂಕ್ ಚಿಮ್ಮುವ ಸಣ್ಣ ತೂತು) ಜಾಸ್ತಿ. ಮಳೆಗಾಲದಲ್ಲಿ ವಾರಗಟ್ಟಲೆ ಆರ್ಡರ್ ಇರುವುದಿಲ್ಲ. ಅಕ್ಕನಿಗೆ ಮೊದಲು ಬರುವ ಕೆಲಸ ಹೋಮ್‌ಸ್ಟೇ ಹೆಸರು, ಕಾಫಿ ಅಂಗಡಿ ಲೋಗೋ. ಅದಕ್ಕೆ ಎಲ್3210 ಥರದ ನಾಲ್ಕು ಬಣ್ಣದ್ದು ಧಾರಾಳ. ಮದುವೆ ಫೋಟೋ ಜಾಸ್ತಿ ಬರಲಿ, ಆಮೇಲೆ ಆರು ಬಣ್ಣ ನೋಡೋಣ.

ಭಾವ: ಪ್ರಿಂಟರ್ ಒಪ್ಪಿದೆ. ಕಾಂಬೋ ಮಷೀನ್ ಯಾಕೆ ಬೇಡ ಹೇಳು. ಕೊಡವ ಮನೆತನಗಳ ಹಾಕಿ ಹಬ್ಬ ಇಲ್ವಾ? 1997ರಲ್ಲಿ ಕರಡದಲ್ಲಿ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬದ ತಂಡ. ಒಂದೊಂದು ತಂಡಕ್ಕೂ ಜರ್ಸಿ, ಟೋಪಿ. ನಮಗೆ ಹತ್ತು ಮನೆ ಸಿಕ್ಕರೆ ಸಾಕು.

ನಾನು: ಎ4 ಪ್ರಿಂಟರ್‌ನಲ್ಲಿ ಜರ್ಸಿ ಬೆನ್ನಿನ ನಂಬರ್ ಹಾಕಬಹುದು, ಇಡೀ ಜರ್ಸಿ ಆಗುವುದಿಲ್ಲ. ಅದನ್ನು ರೋಲ್ ಪ್ರಿಂಟರ್ ಇರುವವರು ಮಾಡುತ್ತಾರೆ. ಹತ್ತಿ ಬಟ್ಟೆಗೆ ಈ ಇಂಕ್ ನಿಲ್ಲುವುದಿಲ್ಲ, ಎರಡು ಸಲ ಒಗೆದರೆ ಮಾಸಿಹೋಗುತ್ತದೆ. ಕಪ್ಪು, ನೇವಿ ಬ್ಲೂ ಬಟ್ಟೆ ಮೇಲೆ ಕಾಣಿಸುವುದೇ ಇಲ್ಲ, ಯಾಕೆಂದರೆ ಇದರಲ್ಲಿ ಬಿಳಿ ಇಂಕ್ ಇಲ್ಲ. ಹಾಗಾಗಿ ಬಿಳಿ ಅಥವಾ ತಿಳಿ ಬಣ್ಣದ ಪಾಲಿಯೆಸ್ಟರ್ ಮಾತ್ರ. ಎಷ್ಟು ತಂಡ ಅಂಥ ಜರ್ಸಿ ಹಾಕುತ್ತವೆ ಹೇಳಿ.

ಭಾವ: ಟೋಪಿ?

ನಾನು: ಅದಕ್ಕೂ ಇದೇ ಕಥೆ.

ದೊಡ್ಡಪ್ಪ: (ಧ್ವನಿ ಸಂದೇಶ, 1:12)

ಅಕ್ಕ: ದೊಡ್ಡಪ್ಪ ಹೇಳಿದ್ದು ಕೇಳಿದಿರಾ? ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಆಗ ನಿನ್ನ ಮಷೀನ್‌ಗೆ ಸೌದೆ ಹಾಕ್ತೀಯಾ ಅಂತ ಕೇಳ್ತಿದ್ದಾರೆ.

ನಾನು: ಇವತ್ತಿನ ಅತಿ ಒಳ್ಳೆಯ ಪ್ರಶ್ನೆ ದೊಡ್ಡಪ್ಪನದೇ. ಬರೀ ಮಗ್ ಪ್ರೆಸ್ ಆದರೆ 300–400 ವಾಟ್ ಎಳೆಯುತ್ತದೆ. ಅಕ್ಕನ ಮನೆ ಇನ್ವರ್ಟರ್ 900 ವಿಎ. ಫ್ರಿಜ್ ಆಫ್ ಮಾಡಿಟ್ಟರೆ ಒಂದಷ್ಟು ಮಗ್ ತೆಗೆಯಬಹುದು. ಕಾಂಬೋದಲ್ಲಿ ಬಟ್ಟೆ ಒತ್ತುವ ದೊಡ್ಡ ಬಿಸಿ ಪ್ಲೇಟ್ ಸಾವಿರ ವಾಟ್ ದಾಟುತ್ತದೆ, ಇನ್ವರ್ಟರ್ ಕೂಗಿ ನಿಂತುಬಿಡುತ್ತದೆ.

ಭಾವ: ಅಯ್ಯೋ, ಕಾಂಬೋದಲ್ಲೂ ಮಗ್ ಜೋಡಿಸಿದಾಗ ಮಗ್ಗಿನ ಲೋಡ್ ಅಷ್ಟೇ ಅಲ್ವಾ?

ನಾನು: ಅದು ಸರಿ. ಹಾಗಾದರೆ ಕರೆಂಟ್ ಇಲ್ಲದ ದಿನ ಅದರಲ್ಲೂ ಮಗ್ ಮಾತ್ರ. ಕರೆಂಟ್ ಇರುವ ದಿನವೂ ಬಟ್ಟೆ ಆರ್ಡರ್ ಇಲ್ಲದೆ ಆ ದೊಡ್ಡ ಪ್ಲೇಟ್‌ಗೆ ಕೆಲಸವಿಲ್ಲ. ಮತ್ತೆ ಆ ಹೊರೆ ಯಾಕೆ? ಒಂದಾದ ಮೇಲೆ ಒಂದು ಬಿಚ್ಚಿ ಜೋಡಿಸಬೇಕು, ಒಟ್ಟಿಗೆ ಎರಡು ನಡೆಯುವುದಿಲ್ಲ. ಕಂಟ್ರೋಲ್ ಬೋರ್ಡ್ ಹೋದರೆ ಎಂಟೂ ಒಟ್ಟಿಗೆ ಮಲಗುತ್ತವೆ. ಅದರ ಬದಲು ಒಂದು ಗಟ್ಟಿ ಮಗ್ ಪ್ರೆಸ್, ಜೊತೆಗೆ ಒಂದು ಸ್ಪೇರ್ ಹೀಟಿಂಗ್ ಎಲಿಮೆಂಟ್ ಇರಲಿ. ಎಲಿಮೆಂಟ್ ಸವೆದು ಹೋಗುವ ಸಾಮಾನು.

ಭಾವ: (ಈ ಸಂದೇಶವನ್ನು ಅಳಿಸಲಾಗಿದೆ)

ಚಿಕ್ಕಮ್ಮ: ನಾನು ಓದಿಬಿಟ್ಟೆ.

ಅಕ್ಕ: ಎಲ್ಲಾ ಸರಿ ಕಣೋ. ಇಂಕ್ ಬಗ್ಗೆ ಯಾಕೆ ಇಷ್ಟು ಹಠ? ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಗ್ತಿದೆ.

ನಾನು: ಹೋದ ವಾರ ಒಬ್ಬರು ಬೇರೆ ಊರಿನಲ್ಲಿ ಮಾಡಿಸಿದ ಮಗ್ ಹಿಡಿದುಕೊಂಡು ನನ್ನ ಸ್ಟುಡಿಯೋಗೆ ಬಂದರು. ಅವರ ತಂದೆಯ ಫೋಟೋ, ಕೊಡವರ ನಿಲುವಂಗಿ ಕುಪ್ಯ, ಸೊಂಟಕ್ಕೆ ಚೇಲೆ ಹಾಕಿ ನಿಂತದ್ದು. ಕುಪ್ಯ ಕಪ್ಪು ಇರಬೇಕಲ್ಲ, ಕೊಳೆತ ಎಲೆಯ ಬಣ್ಣಕ್ಕೆ ತಿರುಗಿದೆ. ಕೆಂಪು ಚೇಲೆ ಇಟ್ಟಿಗೆ ಬಣ್ಣ. ಸೊಂಟದ ಪೀಚೆಕತ್ತಿಯ ಬೆಳ್ಳಿ ಹಿಡಿ ಹಸಿರು. ಹಿಡಿಕೆಯ ಹತ್ತಿರ ಚಿತ್ರದ ಅಂಚು ಮಸುಕು, ಅಲ್ಲಿ ಒತ್ತಡ ಸಾಲಲಿಲ್ಲ. ಅದು ಪ್ರೆಸ್ಸಿನ ತಪ್ಪು, ಸ್ಕ್ರೂ ಬಿಗಿ ಮಾಡಿದರೆ ಹೋಗುತ್ತದೆ. ಇಡೀ ಚಿತ್ರದಲ್ಲಿ ಬಣ್ಣವೇ ಅಡ್ಡದಾರಿ ಹಿಡಿದದ್ದು ಇಂಕ್ ಮತ್ತು ಪ್ರೊಫೈಲ್ ಒಂದಕ್ಕೊಂದು ಕೂಡದ್ದಕ್ಕೆ.

ಅಕ್ಕ: ಪ್ರೊಫೈಲ್ ಅಂದರೆ?

ಪುಟ್ಟ: ಐಸಿಸಿ ಪ್ರೊಫೈಲ್ ಅಂತ ಒಂದು ಸಣ್ಣ ಫೈಲ್. ಈ ಇಂಕ್, ಈ ಪ್ರಿಂಟರ್, ಈ ಕಾಗದ ಸೇರಿದರೆ ಯಾವ ಬಣ್ಣ ಎಷ್ಟು ಬಿಡಬೇಕು ಅಂತ ಕಂಪ್ಯೂಟರ್‌ಗೆ ಹೇಳುತ್ತದೆ. ಒಳ್ಳೆ ಇಂಕ್ ಕಂಪನಿ ಅದನ್ನು ಕೊಡುತ್ತದೆ. ಹೆಸರಿಲ್ಲದ ಬಾಟಲಿಗೆ ಅದನ್ನು ಯಾರು ಕೊಡ್ತಾರೆ?

ನಾನು: ಲೆಕ್ಕವನ್ನೂ ನೋಡು ಅಕ್ಕ. ಮಗ್ಗಿಗೆ ಬೇಕಾದ ಪ್ರಿಂಟ್ ಸುಮಾರು 20 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ. ಒಂದು ಎ4 ಹಾಳೆಯಲ್ಲಿ ಮೂರು ಪಟ್ಟಿ ಬರುತ್ತವೆ. ಒಂದು ಪಟ್ಟಿಗೆ ಹೋಗುವ ಇಂಕ್ 1 ಮಿಲಿಯೂ ಇಲ್ಲ. ಅದರಲ್ಲಿ ಉಳಿಸುವುದು ಎಷ್ಟು? ಮಗ್ ಒಂದು ಹಾಳಾದರೆ ಅಷ್ಟೂ ಇಂಕಿನ ಉಳಿತಾಯ ಅದರ ಜೊತೆ ಹೋಯಿತು. ಕಡಿಮೆ ಮಾಡಬೇಕಾದ ಖರ್ಚು ಹಾಳಾಗುವ ಮಗ್ಗಿನದು.

ಚಿಕ್ಕಪ್ಪ: ಹಾಗಿದ್ದರೆ ಇಂಕನ್ನು ದೊಡ್ಡ ಬಾಟಲಿಯಲ್ಲೇ ತರಿಸಿಬಿಡಿ.

ನಾನು: ಬೇಡ ಚಿಕ್ಕಪ್ಪ. ತೆರೆದ ಇಂಕಿಗೆ ಆಯಸ್ಸು ಕಡಿಮೆ. 100 ಮಿಲಿ ಸಾಕು. ಸೀಲ್ ಇರಬೇಕು, ತಯಾರಾದ ತಿಂಗಳು ಬಾಟಲಿ ಮೇಲೆ ಇರಬೇಕು, ನಾಲ್ಕೂ ಬಣ್ಣ ಒಂದೇ ಕಂಪನಿದು. ಇಂಕ್‌ಟೆಕ್ ಥರ ಹೆಸರು ಇರುವವರದು ಸಾಕು, ಅತಿ ದುಬಾರಿಯದೇ ಬೇಕಿಲ್ಲ. ಒಂದನ್ನು ಹಿಡಿದರೆ ಅದನ್ನೇ ಹಿಡಿದಿರಿ. ಕಪ್ಪು ಮುಗಿಯಿತು ಅಂತ ಇನ್ನೊಂದು ಕಂಪನಿಯ ಕಪ್ಪು ಸುರಿದರೆ ಮತ್ತೆ ಆ ಕುಪ್ಯದ ಕಥೆಯೇ.

ದೊಡ್ಡಪ್ಪ: ನಮ್ಮ ಮಳೆಗೆ ಕಾಫಿ ಬೀಜವೇ ಒಣಗುವುದಿಲ್ಲ. ಕಾಗದ ಒಣಗಿರುತ್ತದಾ?

ನಾನು: ದೊಡ್ಡಪ್ಪ, ನೀವು ಮಗ್ ವ್ಯಾಪಾರಕ್ಕೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ತೊಂದರೆ. ಸಬ್ಲಿಮೇಶನ್ ಕಾಗದ ನೀರಿನಂಶ ಹೀರಿಕೊಂಡಿದ್ದರೆ ಪ್ರೆಸ್ಸಿನಲ್ಲಿ ಅದು ಹಬೆಯಾಗಿ ಬಣ್ಣವನ್ನು ಅಲ್ಲಲ್ಲಿ ತಳ್ಳಿಬಿಡುತ್ತದೆ. ಚಿತ್ರದಲ್ಲಿ ಸಣ್ಣ ಸಣ್ಣ ಚುಕ್ಕೆ, ನೆರಳು. ಕಾಗದವನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು, ಬೇಕಾದಷ್ಟೇ ಹೊರಗೆ ತೆಗೆಯಬೇಕು. ಮಗ್ ಒರೆಸಿ, ತಣ್ಣಗಿದ್ದರೆ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಪ್ರೆಸ್ಸಿಗೆ ಹಾಕು ಅಕ್ಕ. ಕಾಗದವನ್ನು ಹೀಟ್ ಟೇಪಿನಿಂದ ಬಿಗಿಯಾಗಿ ಸುತ್ತು, ಜರುಗಿದರೆ ಎರಡು ಚಿತ್ರ ಕಾಣುತ್ತದೆ. ಆರ್ಡರ್ ಇರಲಿ ಬಿಡಲಿ, ಎರಡು ಮೂರು ದಿನಕ್ಕೊಮ್ಮೆ ಒಂದು ನಾಜಲ್ ಚೆಕ್ (ಟೆಸ್ಟ್ ಪ್ರಿಂಟ್) ತೆಗೆ. ಇಲ್ಲದಿದ್ದರೆ ಹೆಡ್ ಕಟ್ಟಿಕೊಳ್ಳುತ್ತದೆ.

ಅಕ್ಕ: ಮೊದಲ ಪ್ರಿಂಟ್ ತೆಗೆದಾಗ ಬಣ್ಣ ಮಂಕಾಗಿದ್ದರೆ ಗಾಬರಿ ಆಗಬೇಡ ಅಂತ ಪುಟ್ಟ ಹೇಳಿದ.

ನಾನು: ಹೌದು, ಕಾಗದದ ಮೇಲೆ ಮಂಕಾಗಿಯೇ ಇರುತ್ತದೆ. ಬಿಸಿ ತಾಗಿದ ಮೇಲೆ ಏಳುತ್ತದೆ. ಕನ್ನಡಿ ಬಿಂಬ ಮಾಡಿಯೇ ಪ್ರಿಂಟ್ ಕೊಡು, ಇಲ್ಲದಿದ್ದರೆ ಅಕ್ಷರ ಉಲ್ಟಾ.

ಭಾವ: ಸರಿಯಪ್ಪ. ಕಾಂಬೋ ಬಿಟ್ಟೆ. ಆದರೆ ಮಗ್ಗಾದರೂ ಆ ಪಾರ್ಟಿ ಹತ್ತಿರವೇ ತೆಗೆಯೋಣ. ಇಡೀ ಪೆಟ್ಟಿಗೆಗೆ ರೇಟ್ ಚೆನ್ನಾಗಿದೆ.

ನಾನು: ಪೆಟ್ಟಿಗೆ ಬೇಡ ಭಾವ, ಮೊದಲು ಆರು ತರಿಸಿ. ಎಲ್ಲದರ ಮೇಲೂ ಒಂದೇ ಚಿತ್ರ ಒತ್ತಿ. ಬಣ್ಣದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬಂದರೆ ಕೋಟಿಂಗ್ ಸಮ ಇಲ್ಲ ಅಂತ. ಪ್ರೆಸ್ಸಿನ ಡಿಗ್ರಿ, ಸೆಕೆಂಡು ಸೆಟ್ ಮಾಡಿಕೊಳ್ಳಲೂ ಆ ಆರೇ ಸಾಕು. ಡಿಸ್‌ಪ್ಲೇಯಲ್ಲಿ 180 ಅಂತ ತೋರಿಸಿದ ಮಾತ್ರಕ್ಕೆ ಒಳಗೆ 180 ಇರಬೇಕಂತಿಲ್ಲ.

ಭಾವ: ಆರು ಮಗ್ ಕೇಳಿದರೆ ಅವನು ಫೋನೇ ಎತ್ತುವುದಿಲ್ಲ.

ಅಕ್ಕ: ಎತ್ತದಿದ್ದರೆ ಬಿಡಿ. ಮೈಸೂರಿನಿಂದ ಪುಟ್ಟ ಬರುವಾಗ ತರ್ತಾನೆ. ಪ್ರೆಸ್, ನಾಲ್ಕು ಬಣ್ಣದ ಪ್ರಿಂಟರ್, ಒಂದು ಸೆಟ್ ಇಂಕ್. ಇಷ್ಟೇ ನನ್ನ ಲಿಸ್ಟ್. ಮುಗಿಯಿತು.

ಪುಟ್ಟ: ಬಸ್ಸಿನಲ್ಲಿ ಪ್ರಿಂಟರ್ ಹೊರುವುದಿಲ್ಲ, ಮಗ್ ಮಾತ್ರ.

ಚಿಕ್ಕಮ್ಮ: (ಫೋಟೋ) ನಮ್ಮ ಹೋಮ್‌ಸ್ಟೇ ಬೋರ್ಡು. ಇದನ್ನೇ ಹಾಕಿ. ಪಾತ್ರೆ ತೊಳೆಯುವವಳು ಸ್ಟೀಲ್ ನಾರಿನಲ್ಲಿ ಉಜ್ಜುತ್ತಾಳೆ, ತಡೆಯುತ್ತದಾ?

ನಾನು: ಸ್ಟೀಲ್ ನಾರು ಬೇಡ ಚಿಕ್ಕಮ್ಮ, ಕೋಟಿಂಗ್ ಗೀರಿಹೋಗುತ್ತದೆ. ಸ್ಪಂಜು ಕೊಡಿ. ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ, ಬಣ್ಣ ಇಳಿಯುತ್ತದೆ. ಮತ್ತೆ ಈ ಫೋಟೋ ಆಗುವುದಿಲ್ಲ, ವಾಟ್ಸಾಪ್ ಅದನ್ನು ಕುಗ್ಗಿಸಿ ಕಳಿಸಿದೆ. 20 ಸೆಂ.ಮೀ. ಅಗಲಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು, ಅಂದರೆ ಸುಮಾರು 2,360 ಪಿಕ್ಸೆಲ್. ಡಾಕ್ಯುಮೆಂಟ್ ಅಂತ ಕಳಿಸಿ.

ಚಿಕ್ಕಮ್ಮ: ಡಾಕ್ಯುಮೆಂಟ್ ಎಲ್ಲಿ ಒತ್ತಬೇಕು?

ಪುಟ್ಟ: ಪಿನ್ನಿನ ಗುರುತು ಒತ್ತಿ ಚಿಕ್ಕಮ್ಮ.

ಚಿಕ್ಕಮ್ಮ: (ಲೊಕೇಶನ್)