ಆಪರೇಷನ್‌ಗೆ ಎತ್ತಿದ ವಂತಿಗೆಯಲ್ಲಿ 1,66,000 ಉಳಿದಿದೆ, ಅದು ಯಾರ ದುಡ್ಡು? ಅನುಭವ ಇದ್ದವರು ಹೇಳಿ

ಗಂಗಾವಳಿ ದಂಡೆ:
ಅಂಕೋಲಾ ತಾಲೂಕಿನ ನಮ್ಮೂರಲ್ಲಿ ಒಬ್ಬರ ಹೃದಯದ ಕವಾಟ ಬದಲಿಸಬೇಕಿತ್ತು. ಯುವಕ ಸಂಘದಿಂದ ವಾಟ್ಸಾಪ್‌ನಲ್ಲಿ ಪೋಸ್ಟರ್ ಹಾಕಿದೆವು. ಸಂಘದ ಒಬ್ಬ ಹುಡುಗನ ಫೋನ್‌ಪೇ ನಂಬರಿಗೆ 412 ಜನರಿಂದ 4,86,000 ಬಂತು. ಆಸ್ಪತ್ರೆಗೆ ಕಟ್ಟಿದ್ದು 3,20,000. ಉಳಿದದ್ದನ್ನು ಮನೆಯವರು ತಮಗೆ ಕೊಡಿ ಅಂತಾರೆ. ಸಂಘದಲ್ಲಿ ಅರ್ಧ ಜನ ಟ್ರಸ್ಟ್ ಮಾಡೋಣ ಅಂತಾರೆ. ಪಕ್ಷದವರೊಬ್ಬರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಚೆಕ್ ಕೊಡಿ, ಶಾಸಕರ ಕೈಯಿಂದಲೇ ಮುಟ್ಟಿಸೋಣ ಅಂತ ಬೆನ್ನು ಹತ್ತಿದ್ದಾರೆ. ಆ ಹುಡುಗನಿಗೆ ನೌಕರಿ ಇದೆ, ವರ್ಷಕ್ಕೆ 9 ಲಕ್ಷ ಸಂಬಳ. ದುಡ್ಡು ಬಂದದ್ದು 2025ರ ದೀಪಾವಳಿ ಹೊತ್ತಿಗೆ. ಏನು ಮಾಡೋದು ಸರಿ?

ಅಘನಾಶಿನಿ:
ಉಳಿದದ್ದರ ಮಾತು ಆಮೇಲೆ, ಮೊದಲು ಆ ಹುಡುಗನನ್ನು ಉಳಿಸಿಕೊಳ್ಳಿ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ 50,000 ದಾಟಿದರೆ, ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿಗೂ ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 56(2)(ಎಕ್ಸ್). ಲೆಕ್ಕ ಹಾಕಿ: ಸಂಬಳ 9,00,000, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 8,25,000. ಅದಕ್ಕೆ 4,86,000 ಸೇರಿದರೆ 13,11,000. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಿಗುವ ರಿಬೇಟ್ ಅಲ್ಲಿಗೆ ಮುಗಿಯಿತು. 4ರಿಂದ 8 ಲಕ್ಷದವರೆಗಿನದ್ದಕ್ಕೆ 20,000, 8ರಿಂದ 12ರವರೆಗಿನದ್ದಕ್ಕೆ 40,000, ಮೇಲಿನ 1,11,000ಕ್ಕೆ 16,650, ಸೆಸ್ 3,066. ಒಟ್ಟು 79,716. ವಂತಿಗೆ ಬರದೇ ಇದ್ದಿದ್ದರೆ ಅವನ ತೆರಿಗೆ ಸೊನ್ನೆ.

ಪಾರಾಗುವ ದಾರಿ ಒಂದೇ, ಅವನು ಪಡೆದವನಲ್ಲ, ಬೇರೆಯವರ ಹಣ ಇಟ್ಟುಕೊಂಡವನು ಅಂತ ತೋರಿಸೋದು. ಅದಕ್ಕೆ ರೋಗಿಯ ಹೆಸರು ಮತ್ತು ಅವನ ನಂಬರು ಎರಡೂ ಇರುವ ಪೋಸ್ಟರ್, ಆ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್, ರೋಗಿಯ ಹೆಸರಿನಲ್ಲಿರುವ ಆಸ್ಪತ್ರೆಯ ರಸೀದಿಗಳು, ಸಂಘದ ಠರಾವು ಬೇಕು. ಠರಾವು ಆಗ ಬರೆದಿಲ್ಲ ಅಂದರೆ ಹಳೇ ತಾರೀಕು ಹಾಕಿ ಈಗ ಬರೆಯಬೇಡಿ. ಇವತ್ತಿನ ತಾರೀಕಿನಲ್ಲೇ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ಇನ್ನು ಉಳಿದ ಹಣ. 1882ರ ಇಂಡಿಯನ್ ಟ್ರಸ್ಟ್ಸ್ ಆ್ಯಕ್ಟ್, ಸೆಕ್ಷನ್ 83 ಓದಿ. ಉದ್ದೇಶ ಪೂರ್ತಿಯಾದ ಮೇಲೂ ಹಣ ಉಳಿದರೆ, ಬೇರೆ ಸೂಚನೆ ಇಲ್ಲದಿದ್ದಾಗ, ಅದು ಕೊಟ್ಟವರದ್ದು. ಮನೆಯವರದ್ದೂ ಅಲ್ಲ, ಸಂಘದ್ದೂ ಅಲ್ಲ, ಪಕ್ಷದ್ದಂತೂ ಅಲ್ಲವೇ ಅಲ್ಲ.

ಬೆಟ್ಟದ ತೋಟ, ಶಿರಸಿ:
ಟ್ರಸ್ಟ್ ಮಾಡಿ ಮಾರಾಯ್ರೆ, ಹೆದರುವಂಥದ್ದು ಎಂತ ಇಲ್ಲೆ. ಸೊಸೈಟಿ ಹೇಳಿ ಮಾಡಿದ್ರೆ 1960ರ ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಬೇಕು, ವರ್ಷ ವರ್ಷ ಪಟ್ಟಿ ಸಲ್ಲಿಸಬೇಕು. ಟ್ರಸ್ಟಿಗೆ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಹತ್ರ ನೋಂದಣಿ, ಪಾನ್, ಬ್ಯಾಂಕ್ ಖಾತೆ, ಆಮೇಲೆ 1961ರ ತೆರಿಗೆ ಕಾಯ್ದೆಯ 12ಎಬಿ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿಗೆ (ದಾನಿಗೆ ವಿನಾಯಿತಿ) ಒಟ್ಟಿಗೇ ಅರ್ಜಿ. ಮೊದಲು ಸಿಗೋದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಕೆಲಸ ಶುರುವಾಗಿ ಆರು ತಿಂಗಳೊಳಗೆ ರೆಗ್ಯುಲರ್ ನೋಂದಣಿಗೆ ಹಾಕಬೇಕು, ಎಲ್ಲರೂ ಎಡವೋದು ಇಲ್ಲೇ. ಡೀಡಿನಲ್ಲಿ ಎರಡು ವಾಕ್ಯ ಬಿಟ್ಟರೆ ಅರ್ಜಿ ತಿರುಗಿ ಬರ್ತದೆ. ಒಂದು, ಟ್ರಸ್ಟ್ ಮುಚ್ಚಿದರೆ ಆಸ್ತಿ ಅದೇ ಉದ್ದೇಶದ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹೋಗಬೇಕು. ಇನ್ನೊಂದು, ಲಾಭ ಯಾವುದೇ ಒಂದು ಜಾತಿ ಅಥವಾ ಧರ್ಮದವರಿಗೆ ಸೀಮಿತ ಅಲ್ಲ.

ಇನ್ನೊಂದು ಎಚ್ಚರಿಕೆ. ನಿಮ್ಮ ಕಡೆ ಬಂಡಿಹಬ್ಬದ ವಂತಿಗೆಯನ್ನೂ ಅದೇ ಸಂಘ ಎತ್ತುತ್ತದೆ ಅಂದ್ರೆ ಎರಡನ್ನೂ ಒಂದೇ ಖಾತೆಗೆ ತರಬೇಡಿ. 80ಜಿ ಇದ್ದ ಟ್ರಸ್ಟ್ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇ. 5ಕ್ಕಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲ. ನಮ್ಮ ಟ್ರಸ್ಟ್ ಇವತ್ತಿಗೂ ಸುಸೂತ್ರ ನಡೀತಾ ಇದ್ದು, ಪೈಸೆ ಪೈಸೆಯ ಲೆಕ್ಕ ಗೋಡೆಗೆ ಅಂಟಿಸ್ತೊ.

ಶರಾವತಿ ಅಳಿವೆ:
ಬೆಟ್ಟದ ತೋಟದವರೇ, ಅರ್ಧ ಹೇಳಿ ಅರ್ಧ ಬಿಟ್ಟರೆ ಹೇಗೆ? 80ಜಿ ಸಿಕ್ಕ ಮೇಲಿನ ಸಂಕಟ ಹೇಳಿ. ಕೊಟ್ಟ ಪ್ರತಿಯೊಬ್ಬರ ಪಾನ್ ಅಥವಾ ಬೇರೆ ಗುರುತಿನ ನಂಬರು ಹಾಕಿ 10ಬಿಡಿ ಎಂಬ ದಾನಿಗಳ ಪಟ್ಟಿ ಸಲ್ಲಿಸಬೇಕು, ಮೇ 31 ಕೊನೇ ದಿನ. ಅದು ಸಲ್ಲಿಕೆಯಾದರೆ ಮಾತ್ರ ದಾನಿಗೆ 10ಬಿಇ ಸರ್ಟಿಫಿಕೇಟ್ ಸಿಗೋದು. ತಡವಾದರೆ ದಿನಕ್ಕೆ 200. ನವೆಂಬರ್ 5ಕ್ಕೆ ಎಚ್ಚರಾದರೆ 158 ದಿನ, 31,600. ಅದಲ್ಲದೆ 1961ರ ಕಾಯ್ದೆಯ 271ಕೆ ಪ್ರಕಾರ 10,000ದಿಂದ 1 ಲಕ್ಷದವರೆಗೆ ದಂಡ ಹಾಕಲಿಕ್ಕೆ ಅವಕಾಶ ಇದೆ. ತಪ್ಪು ಲೆಕ್ಕದವನದ್ದಾದರೂ ಕಟ್ಟಬೇಕಾದ್ದು ಟ್ರಸ್ಟ್. ನಮಗೆ ಲೆಕ್ಕಪರಿಶೋಧಕರ ಫೀ 18,000, ಡೀಡ್ ಬರೆಸಿದ್ದು 6,500, ತಿದ್ದುಪಡಿ ಡೀಡಿಗೆ ಮತ್ತೆ 4,000, ವಿಳಂಬ ಶುಲ್ಕ ಮೇಲೆ ಹೇಳಿದ್ದು. ಒಟ್ಟು 60,100 ಹೋಯಿತು. ರೋಗಿಯ ಕೈಗೆ ಹೋಗಿದ್ದು ಆ ವರ್ಷ 45,000. ಇದಕ್ಕೆ ಸೇವೆ ಅನ್ನಬೇಕಾ?

ಅದೂ ಅಲ್ಲದೆ 80ಜಿ ವಿನಾಯಿತಿ ಸಿಗೋದು ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. 200, 500 ಕೊಡುವ ಊರಿನ ಮೀನುಗಾರ, ರಿಕ್ಷಾದವನಿಗೆ ಅದರಿಂದ ಏನು ಬಂತು? ನಗದಾದರೆ 2,000 ಮೇಲೆ ಯಾರಿಗೂ ಇಲ್ಲ.

ಬೆಟ್ಟದ ತೋಟ, ಶಿರಸಿ:
ಮೇ 31 ಹೇಳಿ ಮೊದಲೇ ಗೊತ್ತಿದ್ದ ತಾರೀಕು. ಅದನ್ನು ತಪ್ಪಿಸಿಕೊಂಡವರು ಟ್ರಸ್ಟ್ ಎಂಬುದನ್ನೇ ಬೈದರೆ ನಾನು ಒಪ್ಪೋದಿಲ್ಲ. ಪಾವತಿ ಪುಸ್ತಕದಲ್ಲೇ ಪಾನ್ ಕಾಲಂ ಇಡಿ, ತಿಂಗಳಿಗೊಮ್ಮೆ ಎಕ್ಸೆಲ್‌ಗೆ ಏರಿಸಿ, ಏಪ್ರಿಲ್ ಎರಡನೇ ವಾರಕ್ಕೆ ಕೆಲಸ ಮುಗೀತದೆ. ಆದರೆ ಒಂದು ಮಾತು ಒಪ್ತೆ: ಒಬ್ಬನೇ ರೋಗಿಗಾಗಿ ಟ್ರಸ್ಟ್ ಮಾಡ್ಲಾಗ. ಹೆಸರು ಹಿಡಿದು ಒಬ್ಬರಿಗೇ ಅಂತ ಇದ್ದರೆ ಅದು ಸಾರ್ವಜನಿಕ ಧರ್ಮಕಾರ್ಯವೇ ಆಗ್ತಿಲ್ಲೆ.

ಭಟ್ಕಳ ಬಂದರು:
ತೆರಿಗೆ ಅಂತ ಯಾಕೆ ಹೆದರಿಸ್ತೀರಿ? ಒಬ್ಬೊಬ್ಬರು ಕೊಟ್ಟದ್ದು ಸಾವಿರ, ಎರಡು ಸಾವಿರ. ಯಾರದ್ದೂ 50,000 ದಾಟಿಲ್ಲವಲ್ಲ.

ನಿಜವಾಗಿ ನೋಡಬೇಕಾದ್ದು ಹೊರದೇಶದ ದುಡ್ಡು. ದುಬೈ, ಸೌದಿಯಲ್ಲಿರುವ ನಮ್ಮ ಹುಡುಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅಡಿ ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ತಗೊಂಡವರು ಕೊಟ್ಟರೆ ವಿದೇಶಿ ದೇಣಿಗೆಯೇ. ಸಂಘಕ್ಕೆ ಎಫ್‌ಸಿಆರ್‌ಎ ನೋಂದಣಿ ಇಲ್ಲದಿದ್ದರೆ ಮುಟ್ಟಲೇಬೇಡಿ. ಇದ್ದವರಿಗೂ ಆ ಹಣ ಮೊದಲು ಬಂದು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಹೊರದೇಶದಲ್ಲಿ ಕುಳಿತು ಹಣ ಕಳಿಸುವವರಿಗೆ ಈ ವ್ಯತ್ಯಾಸ ಗೊತ್ತಿರೋದಿಲ್ಲ, ನೀವೇ ಕೇಳಬೇಕು: ಪಾಸ್‌ಪೋರ್ಟ್ ಯಾವ ದೇಶದ್ದು?

ಅಘನಾಶಿನಿ:
ಭಟ್ಕಳದವರೇ, ಎಫ್‌ಸಿಆರ್‌ಎ ಬಗ್ಗೆ ಹೇಳಿದ್ದು ಸರಿ, 50,000ದ್ದು ಪೂರ್ತಿ ತಪ್ಪು. ಕಾಯ್ದೆ ನೋಡೋದು ಒಬ್ಬೊಬ್ಬ ಕೊಟ್ಟದ್ದನ್ನಲ್ಲ, ವರ್ಷದಲ್ಲಿ ಎಲ್ಲರಿಂದ ಒಬ್ಬನಿಗೆ ಬಂದ ಒಟ್ಟು ಮೊತ್ತವನ್ನು. ಈ ತಪ್ಪು ತಿಳಿವಳಿಕೆಯಿಂದಲೇ ಹುಡುಗರು ನೋಟಿಸ್ ಬಂದ ಮೇಲೆ ಓಡಾಡೋದು. ದಯವಿಟ್ಟು ಹರಡಬೇಡಿ.

ಭಟ್ಕಳ ಬಂದರು:
ಸರಿ, ಒಟ್ಟು ಮೊತ್ತ ಅನ್ನೋದು ಒಪ್ಪಿದೆ. ಮಾತಿನ ಧಾಟಿ ಒಪ್ಪಲಿಲ್ಲ.

ಕಾಳಿ ಸೇತುವೆ, ಕಾರವಾರ:
ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. 3,20,000 ಕಟ್ಟಿದ್ದೇ ಯಾಕೆ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೂ ಪ್ಯಾಕೇಜ್ ದರದ ಶೇ. 30 ಸರ್ಕಾರದ್ದು, ಮಿತಿ ಒಂದೂವರೆ ಲಕ್ಷ. ಕವಾಟದ ಆಪರೇಷನ್ ಅದರೊಳಗೆ ಬರ್ತದೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಆಮೇಲೆ ಯೋಜನೆಯಲ್ಲಿರುವ ಆಸ್ಪತ್ರೆ, ಅಲ್ಲಿ ಯೋಜನೆಯ ಸಿಬ್ಬಂದಿಯಾದ ಆರೋಗ್ಯ ಮಿತ್ರ, ಅವರು ಮುಂಗಡ ಅನುಮತಿ ತರಿಸ್ತಾರೆ. ಜನ ನೇರ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಕೌಂಟರಿನಲ್ಲಿ ಹಣ ಕಟ್ಟಿ ದಾಖಲಾಗ್ತಾರೆ. ಕಟ್ಟಿದ ಮೇಲೆ ಯೋಜನೆಯಿಂದ ವಾಪಸ್ ಬರೋದಿಲ್ಲ. ಗೋವಾದ ಬಾಂಬೋಳಿ ಸರ್ಕಾರಿ ಆಸ್ಪತ್ರೆಗೆ ಹೋದರೂ 2018ರಿಂದ ಹೊರಗಿನವರಿಗೆ ಶುಲ್ಕ ಇದೆ. ಪೋಸ್ಟರ್ ಹಾಕುವ ಮೊದಲು ರೇಷನ್ ಕಾರ್ಡ್ ನೋಡುವ ಅಭ್ಯಾಸ ನಮ್ಮ ಸಂಘಗಳಿಗೆ ಬರಬೇಕು.

2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿದಾಗ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿತು. ಎಲ್ಲ ಪಕ್ಷದವರೂ ಕೊಡಿಸ್ತೇವೆ ಅಂದರು. ಈಗ ಅದೇ ಜನ ಚೆಕ್ ಹಿಡಿಯಲಿಕ್ಕೆ ವೇದಿಕೆ ಕೇಳ್ತಾರೆ. ಒಂದು ರೂಪಾಯಿಯನ್ನೂ ಯಾವ ವೇದಿಕೆಯ ಮೇಲೂ ಕೊಡಬೇಡಿ.

ಬೆಟ್ಟದ ತೋಟ, ಶಿರಸಿ:
ಮುಖ್ಯಮಂತ್ರಿ ನಿಧಿಯ ವಿಷಯದಲ್ಲಿ ಇನ್ನೊಂದು. ರಸೀದಿ ಬರೋದು ಹಣ ಹಾಕಿದವನ ಹೆಸರಿಗೆ. 412 ಜನರ ದುಡ್ಡಿಗೆ ಆ ಹುಡುಗನ ಹೆಸರಲ್ಲಿ ಶೇ. 100 ವಿನಾಯಿತಿಯ ರಸೀದಿ ಬಂದರೆ, ಅವನು ಅದನ್ನು ಬಳಸಿಕೊಳ್ಳದಿದ್ದರೂ ಊರು ಬಿಡೋದಿಲ್ಲ. ಬದಲಿಗೆ ಪಿಎಂ ಕೇರ್ಸ್‌ಗೆ ಹಾಕಿ ಹೇಳುವವರೂ ಇದ್ದರು ನಮ್ಮಲ್ಲಿ.

ಶರಾವತಿ ಅಳಿವೆ:
ಪಿಎಂ ಕೇರ್ಸ್‌ಗೆ? ಅದು ಮಾಹಿತಿ ಹಕ್ಕಿನ ಕೆಳಗೆ ಬರೋದಿಲ್ಲ ಅಂತ ದೆಹಲಿ ಹೈಕೋರ್ಟಿನಲ್ಲಿ ಅವರೇ ಹೇಳಿದ್ದು. ಲೆಕ್ಕ ನೋಡೋದು ಸಿಎಜಿ ಅಲ್ಲ, ಖಾಸಗಿ ಲೆಕ್ಕಪರಿಶೋಧಕರು. ಅದಕ್ಕಿಂತ 1948ರ ಪ್ರಧಾನಿ ಪರಿಹಾರ ನಿಧಿ ಇರುವಾಗ ಇನ್ನೊಂದು ಯಾಕೆ ಬೇಕಿತ್ತು?

ಬೆಟ್ಟದ ತೋಟ, ಶಿರಸಿ:
1948ರದ್ದನ್ನೂ ಸಿಎಜಿ ನೋಡೋದಿಲ್ಲ, ಅದನ್ನು ಯಾಕೆ ಬಿಟ್ಟಿರಿ? ಒಂದು ಸರ್ಕಾರದ್ದಾದರೆ ಒಂದು ನ್ಯಾಯ, ಇನ್ನೊಂದರದ್ದಾದರೆ ಇನ್ನೊಂದಾ?

ಶರಾವತಿ ಅಳಿವೆ:
ಎರಡಕ್ಕೂ ಬೇಡ ಅಂತಲೇ ನಾನು ಹೇಳೋದು. ಎರಡೂ ಪಕ್ಷದವರ ಲೆಕ್ಕ ಕೇಳಿ ಕೇಳಿ ಸಾಕಾಗಿದೆ.

ದೇವಬಾಗ:
ಎಲ್ಲರೂ ಉಳಿದ ದುಡ್ಡು, ಉಳಿದ ದುಡ್ಡು ಅಂತೀರಿ. ಕವಾಟ ಯಾವುದು ಹಾಕಿದ್ದು ಅಂತ ಒಬ್ಬರೂ ಕೇಳಲಿಲ್ಲ. ಪ್ರಾಣಿಯ ಅಂಗಾಂಶದ್ದಾದರೆ ರಕ್ತ ತೆಳುವಾಗಿಸುವ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳು. ಲೋಹದ್ದಾದರೆ ವಾರ್ಫರಿನ್ ಜೀವ ಇರುವವರೆಗೆ. ಮೈಟ್ರಲ್ ಕವಾಟಕ್ಕೆ (ಹೃದಯದ ಎಡಭಾಗದ್ದು) ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡೀತದೆ ಅನ್ನುವ ಅಳತೆ, ಸಾಮಾನ್ಯವಾಗಿ 2.5ರಿಂದ 3.5ರೊಳಗೆ ನಿಲ್ಲಬೇಕು. ಕೆಳಗಿಳಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು, ಮೇಲೇರಿದರೆ ಒಳಗೇ ರಕ್ತಸ್ರಾವ. ಶುರುವಿನಲ್ಲಿ ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆಯಾದರೂ ಪರೀಕ್ಷೆ. ಮಾತ್ರೆ ಅಗ್ಗ. ದುಬಾರಿಯಾಗೋದು ಪರೀಕ್ಷೆ, ಬಸ್ಸು, ಹೋದ ದಿನದ ಕೂಲಿ. ಮೂರನೇ ತಿಂಗಳಿಗೆ ಆರಾಮಾಯ್ತು ಅಂತ ಪರೀಕ್ಷೆ ಬಿಡ್ತಾರೆ, ಲಕ್ಷಗಟ್ಟಲೆ ಸುರಿದ ಆಪರೇಷನ್ ಅಲ್ಲೇ ಹಾಳಾಗ್ತದೆ. ಮಂಡಿನೋವಿಗೆ ಅಂಗಡಿಯ ಮಾತ್ರೆ ನುಂಗೋದು ಇನ್ನೊಂದು ಅಪಾಯ. ಹಲ್ಲು ಕೀಳಿಸುವ ಮೊದಲು ಆ್ಯಂಟಿಬಯಾಟಿಕ್ ಬೇಕು ಅಂತ ದಂತವೈದ್ಯರಿಗೆ ಹೇಳಲೇಬೇಕು.

ಆದ್ದರಿಂದ ಕೇಳ್ತೇನೆ, ಪೋಸ್ಟರಿನಲ್ಲಿ ಬರೆದದ್ದು "ಆಪರೇಷನ್‌ಗೆ" ಅಂತಲೋ "ಚಿಕಿತ್ಸೆಗೆ" ಅಂತಲೋ?

ಅಘನಾಶಿನಿ:
ಈ ಪ್ರಶ್ನೆ ಸರಿಯಾದದ್ದು. "ಚಿಕಿತ್ಸೆ" ಅಂತ ಇದ್ದರೆ ಉದ್ದೇಶ ಇನ್ನೂ ಮುಗಿದಿಲ್ಲ, ಸೆಕ್ಷನ್ 83ರ ಮಾತೇ ಬರೋದಿಲ್ಲ. "ಆಪರೇಷನ್" ಅಂತ ಮಾತ್ರ ಇದ್ದರೆ 412 ಜನರನ್ನೂ ಕೇಳಬೇಕು, ಇಲ್ಲವೇ ಪಾಲಿನಂತೆ ವಾಪಸ್. 500 ಕೊಟ್ಟವರಿಗೆ 170 ರೂಪಾಯಿ 78 ಪೈಸೆ. ಯುಪಿಐಯಲ್ಲಿ ದಿನಕ್ಕೆ 20 ಸಲ ಮಾತ್ರ ಬಿಡುವ ಬ್ಯಾಂಕ್ ಆದರೆ 21 ದಿನ ಬೇಕು.

ಗಂಗಾವಳಿ ದಂಡೆ:
ಪೋಸ್ಟರ್ ತೆಗೆದು ನೋಡಿದೆ. "ಚಿಕಿತ್ಸೆಯ ನೆರವಿಗಾಗಿ" ಅಂತ ಇದೆ. ಕವಾಟ ಲೋಹದ್ದೇ.

ದೇವಬಾಗ:
ಹಾಗಾದರೆ ರೋಗಿಯ ಹೆಸರಿನಲ್ಲಿ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ ಹಾಕಿಸಿ. ಶೇ. 7.4ರಂತೆ 1,66,000ಕ್ಕೆ ತಿಂಗಳಿಗೆ 1,023 ರೂಪಾಯಿ, ಐದು ವರ್ಷ. ಪರೀಕ್ಷೆಗೂ ಮಾತ್ರೆಗೂ ಆಯಿತು, ಅಸಲು ಹಾಗೇ ಉಳೀತದೆ. ಜಂಟಿ ಖಾತೆಯಾದರೆ ಒಟ್ಟಿಗೆ ಸಹಿ ಬೇಕು ಅಂತ ಮಾಡಿಸಿ. ಒಂದು ವರ್ಷದೊಳಗೆ ಒಡೆಯಲಿಕ್ಕಾಗೋದಿಲ್ಲ, ಮೂರು ವರ್ಷದೊಳಗಾದರೆ ಅಸಲಿನಲ್ಲಿ ಶೇ. 2 ಕಡಿತ, ಆಮೇಲೆ ಶೇ. 1. ಹಾಗಾಗಿ 16,000 ಉಳಿತಾಯ ಖಾತೆಯಲ್ಲಿ ತುರ್ತಿಗೆ ಬಿಟ್ಟು 1,50,000 ಮಾತ್ರ ಹಾಕೋದು ಇನ್ನೂ ಒಳ್ಳೇದು. ಆಗ ತಿಂಗಳಿಗೆ 925 ಬರ್ತದೆ. ಮನೆಯವರಿಗೆ ಬಸಳೆ ಸಾರು ಬಿಡಿ ಅಂತ ಹೇಳಬೇಡಿ, ವಾರಕ್ಕೆ ಎಷ್ಟು ಸಲವೋ ಅಷ್ಟೇ ಸಲ ಅಂತ ಹೇಳಿ.

ಶರಾವತಿ ಅಳಿವೆ:
ಬಸಳೆ ಪೂರ್ತಿ ಬಿಡಬೇಕು ಅಂತಲ್ಲವಾ ಎಲ್ಲರೂ ಹೇಳೋದು?

ದೇವಬಾಗ:
ಅಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ಕುಗ್ಗಿಸ್ತದೆ. ತಿನ್ನುವ ಪ್ರಮಾಣ ಒಂದೇ ಇದ್ದರೆ ಡಾಕ್ಟರು ಅದಕ್ಕೆ ತಕ್ಕ ಹಾಗೆ ಮಾತ್ರೆ ಹೊಂದಿಸ್ತಾರೆ. ಒಂದು ತಿಂಗಳು ಬಿಟ್ಟು ಮುಂದಿನ ತಿಂಗಳು ದಿನಾ ತಿಂದರೆ ಐಎನ್‌ಆರ್ ಏರಿಳಿಯೋದು.

ಅಘನಾಶಿನಿ:
ಹಣ ದಾಟಿಸುವಾಗ ನಗದು ಬೇಡ, ಹುಡುಗನ ಖಾತೆಯಿಂದ ನೇರ ರೋಗಿಯ ಖಾತೆಗೆ ನೆಫ್ಟ್, ಷರಾದಲ್ಲಿ "ಚಿಕಿತ್ಸೆ ವಂತಿಗೆ ಬಾಕಿ" ಅಂತ ಬರೆಯಿರಿ. ರೋಗಿಗೆ ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಬರೋದಿಲ್ಲ. ಪೂರ್ತಿ 4,86,000 ಅವರದ್ದು ಅಂತ ಹಿಡಿದರೆ 4 ಲಕ್ಷ ದಾಟುವುದರಿಂದ ರಿಟರ್ನ್ ಮಾತ್ರ ಸಲ್ಲಿಸಬೇಕು. ಹುಡುಗನ ವಾದಕ್ಕೂ ಅದೇ ಗಟ್ಟಿ ಆಧಾರ.

ಇದನ್ನು ತಡ ಮಾಡಬೇಡಿ. 412 ಜನರಲ್ಲಿ ಒಬ್ಬರು ಕಳಿಸಿದ 500 ಯಾವುದೋ ಸೈಬರ್ ವಂಚನೆಯ ಹಣವಾಗಿದ್ದು, ಯಾರೋ 1930 ಸೈಬರ್ ಸಹಾಯವಾಣಿಗೆ ದೂರು ಕೊಟ್ಟರೆ ಹುಡುಗನ ಖಾತೆಗೆ ಬ್ಯಾಂಕ್ ತಡೆ ಹಾಕ್ತದೆ. ಕೆಲವೊಮ್ಮೆ ಆ 500ಕ್ಕೆ ಮಾತ್ರ, ಕೆಲವೊಮ್ಮೆ ಪೂರ್ತಿ ಖಾತೆಗೆ, ಅವನ ಸಂಬಳವೂ ಸೇರಿ. ಬಿಡಿಸಿಕೊಳ್ಳಲಿಕ್ಕೆ ದೂರು ದಾಖಲಾದ ರಾಜ್ಯದ ಪೊಲೀಸರ ಜತೆ ಪತ್ರ ವ್ಯವಹಾರ ಮಾಡಬೇಕಾಗ್ತದೆ. ಸೋಮವಾರವೇ ಬ್ಯಾಂಕಿಗೆ ಹೋಗಿ.